ಹೊಲದ ಬಯಕೆಯೂಟ

ದೇಗಾಂವ,
ಶೀಗಿ ಹುಣ್ಣಿಮೆಯ ಸಂಜೆ

ಅಮ್ಮಾ,

ನಾನು ಗಟ್ಟಿಮುಟ್ಟಾಗಿದ್ದೇನೆ, ಮೊದಲೇ ಹೇಳಿಬಿಡುತ್ತೇನೆ. ಕಿತ್ತೂರಿನ ಹತ್ತಿರದ ಈ ಹಳ್ಳಿಯಲ್ಲಿ ನಮ್ಮ ಸ್ವಾವಲಂಬಿ ಬದುಕಿನ ತರಬೇತಿ ಜೋರಾಗಿ ನಡೆದಿದೆ. ಮಣ್ಣು ತುಳಿದು ನಾನೇ ಒಂದು ಒಲೆ ಹಾಕಿದೆ, ಹೊಗೆಯೇ ಇಲ್ಲ! ಬೀಜಕ್ಕೆ ಬೂದಿ ಬೆರೆಸಿ ಕಾಪಿಡುವುದನ್ನೂ ಕಲಿತೆ.

ಇವತ್ತು ಪಾಠವಿಲ್ಲ, ಹಬ್ಬ. ತೆನೆ ಕಟ್ಟುವ ಜೋಳವನ್ನು ಇಲ್ಲಿಯವರು ಬಸುರಿ ಎನ್ನುತ್ತಾರೆ. ಈ ಹುಣ್ಣಿಮೆಗೆ ಬುಟ್ಟಿ ತುಂಬ ಅಡುಗೆ ಹೊತ್ತು ಹೊಲಕ್ಕೆ ಹೋಗಿ, ಅದರ ಬಯಕೆ ತೀರಲೆಂದು ಬೆಳೆಯ ಮೇಲೆಲ್ಲ ಚೆಲ್ಲುತ್ತಾರೆ. ಆಮೇಲೆಯೇ ಮನುಷ್ಯರ ಊಟ. ನನಗೆಲ್ಲಿ ಗೊತ್ತು? ಬದುವಿನ ಮೇಲೆ ಬುಟ್ಟಿ ಇಳಿಸಿದ್ದೇ ತಡ, ಘಮಕ್ಕೆ ತಡೆಯಲಾರದೆ ಒಂದು ಕಡುಬು ಬಾಯಿಗೆ ಹಾಕಿಕೊಂಡೆ. ಎಲ್ಲರೂ ಹೌಹಾರಿದರು. ಹೊಲದೊಡತಿ ಬಾಯವ್ವ ಮಾತ್ರ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಕಿಗಿ ಬೈಬ್ಯಾಡ್ರಿ. ಎಷ್ಟ ತಿಂಗಳಾತವಾ ನಿನಗ?" ಎಂದರು.

"ಮೂರು," ಎಂದೆ.

"ಹಂಗಾರ ಹೊಲದ ಜೋಡಿ ನೀನೂ ಉಣ್ಣವಾ. ಇಬ್ರದೂ ಬಯಕಿ ಒಂದ!" ಎಂದು ನಕ್ಕು, ಇನ್ನೆರಡು ಕಡುಬು ನನ್ನ ಕೈಗಿಟ್ಟರು.

ಹೌದಮ್ಮ, ನೀನು ಅಜ್ಜಿಯಾಗುತ್ತಿದ್ದೀಯ! ಡಾಕ್ಟರಿಗೆ ತೋರಿಸಿದ್ದೇನೆ, ಮಾತ್ರೆ ನುಂಗುತ್ತಿದ್ದೇನೆ, ವಾಂತಿ ನಿಂತಿದೆ. ಬಾಯಿಬಿಡಬೇಡಿ ಎಂದು ನಿನ್ನ ಅಳಿಯನಿಗೆ ನಾನೇ ಹೇಳಿದ್ದೆ. ಫೋನಿನಲ್ಲಿ ಹೇಳಿದ್ದರೆ ಇವತ್ತೇ ಬಸ್ಸು ಹತ್ತೆಂದು ನೀನು ಹಟ ಹಿಡಿಯುತ್ತಿದ್ದೆ. ಅದಕ್ಕೇ ಈ ಕಾರ್ಡು. ಇದು ನಿನ್ನ ಕೈ ಸೇರುವ ಹೊತ್ತಿಗೆ ನನ್ನ ತರಬೇತಿ ಮುಗಿದಿರುತ್ತದೆ. ಬೇಕಾದಷ್ಟು ಬೈದುಕೋ.

ನಿನ್ನ ಮಗಳು
ನಳಿನಿ