ಹತ್ತು ಎಣಿಸುವವರೆಗೆ

ಜೂನ್ 4, ಬೆಳಿಗ್ಗೆ

ಯಾರದು, ಕೇಳದೆ ಪುಸ್ತಕ ತೆರೆದದ್ದು? ಅಂಗಡಿಯ ಅಳತೆ ಪುಸ್ತಕ ಅಂದುಕೊಂಡಿರಾ? ಇದಕ್ಕೆ ಮುಂಚಿನ ಹಾಳೆಗಳಲ್ಲಿ ಊರಿನವರ ಸೊಂಟದ ಸುತ್ತಳತೆ ಇದೆ, ನೋಡಿ ನಕ್ಕು ಮುಚ್ಚಿಡಿ. ಇಲ್ಲಿಂದ ಆಚೆಗಿನದು ನನ್ನದು. ನಾಲ್ಕನೇ ಕ್ಲಾಸಿನ ಅಕ್ಷರ. ತಪ್ಪು ಹುಡುಕುವವರು ಅವರವರ ಮನೆಯಲ್ಲಿ ಹುಡುಕಿಕೊಳ್ಳಲಿ.

ಯಜಮಾನರ ಮುಖ ತೊಳೆಸಿ, ಗಡ್ಡ ಕೆರೆದು, ಚಹಾ ಕುಡಿಸಿ ಆಯಿತು. ಸ್ಟ್ರೋಕ್ ಆಗಿ ಇವತ್ತಿಗೆ ಎಂಬತ್ತೊಂದು ದಿನ. ನಡೆಯುತ್ತಾರೆ. ಹೇಳಿದ್ದೆಲ್ಲ ತಿಳಿಯುತ್ತದೆ. ಮಾತು ಮಾತ್ರ ಇಲ್ಲ.

ನಲವತ್ತೆರಡು ವರ್ಷ ನಮ್ಮ ಟೈಲರ್ ಅಂಗಡಿಯಲ್ಲಿ ಇವರು ಟೇಪು ಹಿಡಿದು ಅಳತೆ ಕೂಗುವುದು, ನಾನು ಸ್ಟೂಲಿನ ಮೇಲೆ ಕೂತು ಬರೆದುಕೊಳ್ಳುವುದು. ಈಗ ಅಂಗಡಿ ಮಗ ನೋಡಿಕೊಳ್ಳುತ್ತಾನೆ. ಮನೆಯಲ್ಲಿ ಮಾತಿಗೇನೂ ಬರವಿಲ್ಲ, ಸೊಸೆ ಇದ್ದಾಳೆ, ಎರಡು ವರ್ಷದ ಮೊಮ್ಮಗಳು ದಿನಕ್ಕೊಂದು ಹೊಸ ಪದ ಕಲಿಯುತ್ತಾಳೆ. ಆದರೆ ನನಗೆ ಎದುರುತ್ತರ ಕೊಡುವವರು ಇವರೊಬ್ಬರೇ ಇದ್ದರು.

ಜೂನ್ 6

ಸೊಸೆ ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುತ್ತಲೇ ಫಾರ್ಮಸಿ ಪರೀಕ್ಷೆಗೆ ಕಟ್ಟಿದ್ದಾಳೆ. ಫೋನಿನೊಳಗಿನ ಎಐ ಜೊತೆ ಓದುವುದು. "ಉತ್ತರ ಹೇಳಬೇಡ, ಸುಳಿವು ಮಾತ್ರ ಕೊಡು" ಅಂತ ಅದಕ್ಕೇ ಅಪ್ಪಣೆ ಮಾಡುತ್ತಾಳೆ.

"ಎಲ್ಲಾ ಗೊತ್ತಿರೋ ಮೇಷ್ಟ್ರನ್ನ ಇಟ್ಕೊಂಡು ಅವರ ಬಾಯಿ ಯಾಕಮ್ಮ ಕಟ್ತೀಯ?" ಅಂದೆ.

"ಅದು ಹೇಳಿಬಿಟ್ರೆ ಪಾಠ ಅದಕ್ಕೇ ಬರುತ್ತೆ ಅತ್ತೆ, ನನಗೆ ಬರಲ್ಲ. ಹೋದ ಸಲ ಹಾಗೆ ಮಾಡೇ ಫೇಲಾಗಿದ್ದು."

"ಹಾಗಾದ್ರೆ ನಿಮ್ಮ ಮಾವನ ಪಾಠಾನೂ ಕೇಳು."

ಮಾತಿನ ಡಾಕ್ಟರು ಕೊಟ್ಟ ಇಂಗ್ಲಿಷ್ ಹಾಳೆಯ ಫೋಟೋ ತೆಗೆದಳು. ಅದು ಕನ್ನಡದಲ್ಲಿ ಬಿಡಿಸಿ ಹೇಳಿತು. ಚಿತ್ರ ತೋರಿಸಿ. ಹೆಸರು ಕೇಳಿ. ಹತ್ತು ಎಣಿಸುವವರೆಗೆ ಸುಮ್ಮನಿರಿ.

ಹತ್ತು! ನಾನು ಈ ಜನ್ಮದಲ್ಲಿ ಯಾರಿಗೂ ಮೂರರ ಮೇಲೆ ಎಣಿಸಿದವಳಲ್ಲ.

ಜೂನ್ 9

ಲೋಟದ ಚಿತ್ರ. ಬಾಗಿಲಿನ ಚಿತ್ರ. ಇವರು ತುಟಿ ಅಲ್ಲಾಡಿಸುವಷ್ಟರಲ್ಲಿ "ಲೋಟ ರೀ, ಲೋಟ!" ಅಂತ ನನ್ನ ಬಾಯಿ ಓಡುತ್ತದೆ.

"ಪರೀಕ್ಷೆ ಯಾರದು ಅತ್ತೆ?" ಸೊಸೆಯ ಕೊಂಕು.

ನಾಲಿಗೆ ಕಚ್ಚಿಕೊಂಡೆ. ಬಾಗಿಲಿಗೂ ಅದೇ ಕಥೆ. ಇವರು ಗೋಡೆ ಕಡೆ ತಿರುಗಿ ಕೂತರು.

ಜೂನ್ 17

ಬರೆಯುವುದಕ್ಕೆ ಏನಿತ್ತು, ಬರೆಯಲಿಲ್ಲ. ಡಾಕ್ಟರ ಹತ್ತಿರ ಹೋಗಿಬಂದೆವು. ಆಗಸ್ಟಿನಲ್ಲಿ ಮತ್ತೆ ನೋಡುತ್ತಾರಂತೆ. ಆಗಲೂ ಮಾತು ಬರದಿದ್ದರೆ ಚಿತ್ರದ ಹಲಗೆ ಕೊಡುತ್ತಾರಂತೆ. ಬೇಕಾದ್ದರ ಮೇಲೆ ಬೆರಳಿಟ್ಟರಾಯಿತು.

ಬೆರಳಿಟ್ಟು ನೀರು ಕೇಳಬಹುದು. ನನ್ನನ್ನು ಬೈಯುವುದಕ್ಕೆ ಯಾವ ಚಿತ್ರ ಇದೆ?

ಜೂನ್ 19, ಮಧ್ಯಾಹ್ನ

ಲೋಟ, ಬಾಗಿಲು ಸಾಕು, ಒಂದು ಕತ್ತರಿಯ ಚಿತ್ರ ಬರೆದುಕೊಡು ಅಂತ ನಾನೇ ಫೋನಿಗೆ ಹೇಳಿದೆ. ಥಳಥಳ ಹೊಳೆಯುವ ಕತ್ತರಿ ಬರೆಯಿತು. ಬೆರಳು ತೂರಿಸಲು ಮೂರು ತೂತು! ನನ್ನ ಕನ್ನಡಕ ಹಣೆಯ ಮೇಲಿತ್ತು, ಕಾಣಲಿಲ್ಲ. ಇವರು ನೋಡಿದರು. ಹುಬ್ಬು ಗಂಟಿಕ್ಕಿತು. ಫೋನನ್ನು ನನ್ನ ಮೂಗಿಗೆ ಹಿಡಿದು—

"ಥೂ!"

ತೊಂಬತ್ತಾರು ದಿನಕ್ಕೆ ಮೊದಲ ಶಬ್ದ. ಥೂ ಅನ್ನಿಸಿಕೊಂಡು ಹಿಗ್ಗಿದ ಹೆಂಗಸು ಲೋಕದಲ್ಲಿ ನಾನೊಬ್ಬಳೇ ಇರಬೇಕು.

ಸೊಸೆ ಎಐಗೆ ತಪ್ಪು ತೋರಿಸಿದಳು. ತಕ್ಷಣ ಒಪ್ಪಿಕೊಂಡಿತು, ಆ ವಿಷಯದಲ್ಲಿ ನನ್ನ ಗಂಡನಿಗಿಂತ ವಾಸಿ. ಆಮೇಲೆ ಒಂದು ಪ್ರಶ್ನೆ ಹಾಕಿತು. ದಿನವೂ ಯೋಚಿಸದೆ ಇವರ ಬಾಯಿಗೆ ಬರುತ್ತಿದ್ದ ಮಾತು ಯಾವುದು? ಅಂಥದ್ದು ಕೆಲವರಿಗೆ ಮೊದಲು ಮರಳುತ್ತದಂತೆ. ಡಾಕ್ಟರನ್ನೂ ಕೇಳಿ ಅಂದಿತು. ಫೋನ್ ಮಾಡಿದೆವು. "ಮಾಡಿ ನೋಡಿ" ಅಂದರು.

ಎದ್ದು ಹೋಗಿ ಟೇಪು ತಂದೆ.

ಜೂನ್ 20

ಸೊಸೆಯನ್ನು ನಿಲ್ಲಿಸಿದೆ. ಇವರು ಎಡಗೈಯಲ್ಲಿ ಟೇಪು ಹಿಡಿದು ಅವಳ ಭುಜದ ಮೇಲಿಟ್ಟರು, ಬಲಗೈ ತೆವಳಿಕೊಂಡು ಇನ್ನೊಂದು ತುದಿಗೆ ಬಂತು. ನಾನು ಪೆನ್ಸಿಲ್ ಹಿಡಿದು ಸ್ಟೂಲಿನ ಮೇಲೆ. ಒಂದು, ಎರಡು... ಆರು. ಭುಜ ಹದಿನಾಲ್ಕು ಇಂಚು ಅಂತ ನನಗೆ ಕೂತಲ್ಲಿಂದಲೇ ಗೊತ್ತು. ಬಾಯಲ್ಲಿ ಕೆಂಡ ಇಟ್ಟುಕೊಂಡ ಹಾಗಿತ್ತು. ಏಳು, ಎಂಟು...

"ಹದಿ... ನಾಲ್ಕು."

ಬರೆದುಕೊಂಡೆ. ಪೆನ್ಸಿಲಿನ ಮೊನೆ ಮುರಿಯಿತು.

ಜೂನ್ 26

ಅಳತೆ ಬರುತ್ತದೆ, ಮಾತು ಬರುವುದಿಲ್ಲ. ಕುರ್ಚಿ ಅಳೆಯುತ್ತಾರೆ, ಮೊಮ್ಮಗಳನ್ನು ಅಳೆಯುತ್ತಾರೆ, ಅಂಕಿ ಹೇಳುತ್ತಾರೆ. ನನ್ನ ಕಡೆ ತಿರುಗಿ ಒಂದು ಮಾತಿಲ್ಲ. ಆಸೆಬುರುಕಿ ನಾನು. ಮೊನ್ನೆ ಥೂ ಸಾಕಾಗಿತ್ತು, ಈಗ ಅಂಕಿಯೂ ಸಾಲದು.

"ಇವರು ನನ್ನ ಹತ್ರ ಮಾತಾಡೋದು ಯಾವಾಗ?" ಅಂತ ಎಐಯನ್ನೇ ಕೇಳಿದೆ. ಗೊತ್ತಿಲ್ಲ ಅಂದಿತು. ಧೈರ್ಯಕ್ಕೆ ಒಂದು ಸುಳ್ಳಾದರೂ ಹೇಳಬಾರದಾ? ಹೇಳಲಿಲ್ಲ. ನಿಮಗೆ ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳಿ ನೋಡಿ, ಆಗ ನಡುವೆ ಬಾಯಿ ಹಾಕಲು ಆಗುವುದಿಲ್ಲ ಅಂದಿತು. ಸೊಸೆ ಮುಸಿಮುಸಿ ನಕ್ಕಳು.

ಇವರ ಬಗ್ಗೆ ನನಗೆ ಗೊತ್ತಿಲ್ಲದ್ದು ಏನಿದೆ? ಬೆಳಿಗ್ಗೆಯಿಂದ ಹುಡುಕುತ್ತಿದ್ದೇನೆ.

ಜುಲೈ 2, ಸಂಜೆ ನಾಲ್ಕು

ಕೇಳಿಬಿಟ್ಟೆ.

"ಊರಿನವರಿಗೆಲ್ಲಾ ಟೇಪು ಹಿಡಿದ್ರಿ. ನನಗೆ ಮಾತ್ರ ಒಂದು ಸಲನೂ ಹಿಡೀಲಿಲ್ಲ. ನನ್ನ ರವಿಕೆ ಹಾಗೇ ಕತ್ತರಿಸಿದ್ರಿ, ಹಾಗೇ ಹೊಲಿದ್ರಿ. ಮಗ ಹುಟ್ಟಿ ನಾನು ಊದಿಕೊಂಡಾಗಲೂ ಅಳತೆ ತಪ್ಪಲಿಲ್ಲ. ಅದು ಹೇಗೆ ರೀ?"

ಟೇಪು ಮಡಿಲಿಗೆ ಬಿಟ್ಟರು. ತಲೆಯಿಂದ ಕಾಲಿನವರೆಗೆ ನೋಡಿದರು, ನಿಧಾನಕ್ಕೆ, ದುಬಾರಿ ಬಟ್ಟೆಗೆ ಕತ್ತರಿ ಹಾಕುವ ಮುಂಚೆ ನೋಡುವ ಹಾಗೆ. ಹತ್ತು ಎಣಿಸಿದೆ. ಮತ್ತೆ ಹತ್ತು.

"ನಿ... ನಿನ್ನ..."

ಅಷ್ಟೇ. ಇವರ ಕಿವಿ ಕೆಂಪಾಯಿತು. ಮುಂದಿನದನ್ನು ಹೇಳಿಕೊಡಲು ನನಗೂ ಗೊತ್ತಿರಲಿಲ್ಲ.

ಜುಲೈ 5

ಇವತ್ತೂ "ನಿನ್ನ" ತನಕ ಬಂದು ನಿಂತರು. ಬೆರಳಿಟ್ಟು ನಿಧಾನಕ್ಕೆ ಓದುವುದು ಇವರಿಗೆ ಬರುತ್ತದೆ, ಅದಕ್ಕೇ ಈ ಹಾಳೆಯನ್ನು ಇವರ ಮುಂದೆ ತೆರೆದಿಡುತ್ತಿದ್ದೇನೆ. ಮೊದಲ ದಿನ ಪುಸ್ತಕ ತೆರೆದವರನ್ನು ಬೈದೆನಲ್ಲ, ಅದು ನಿಮಗಲ್ಲ ರೀ.

ನಿನ್ನ ಅಂದ ಮೇಲೆ ಏನು? ಅವಸರ ಇಲ್ಲ ಅಂತ ಸುಳ್ಳು ಬರೆಯಲಾರೆ, ಬೇಕಾದಷ್ಟಿದೆ. ಹಲಗೆ ಗಿಲಗೆ ನನಗೆ ಬೇಡ. ಆಗಸ್ಟ್ ಹುಟ್ಟುವುದರೊಳಗೆ ಉತ್ತರ ಕೊಡಿ. ಬಾಯಲ್ಲೇ. ಅಲ್ಲಿಯವರೆಗೆ ನಾನು ತುಟಿ ಬಿಚ್ಚದೆ ಎಣಿಸುತ್ತಿರುತ್ತೇನೆ. ಒಂದು, ಎರಡು, ಮೂರು, ನಾಲ್ಕು...