ಐದನೆಯ ಕೋಣೆಯ ಹತ್ತನೆಯ ಡ್ರಮ್ಮು

ಹಿರಿಕಣಜ, ರಾಣೆಬೆನ್ನೂರು
ಫೆಬ್ರುವರಿ ೩೦, ೨೩೬೪

ಬೀಜದ ಡ್ರಮ್ಮಿಗೆ ಚಪ್ಪಲಿಯ ತುಂಡು ಹಚ್ಚಿದ ಅಕ್ಕನವರಿಗೆ,

ಮೇಲಿನ ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಫೆಬ್ರುವರಿಗೂ ಮೂವತ್ತು ದಿನ. ಮೂವತ್ತೊಂದಿದ್ದ ತಿಂಗಳುಗಳಿಂದ ಎರಡು ದಿನ ಕಿತ್ತು ಅದಕ್ಕೆ ಕೊಟ್ಟು ನೂರಾರು ವರ್ಷವಾಯಿತು. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವಾಗಿ ಕಂಡಾವು, ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ತಿಳಿಯದ ಪದ ಬಂದಲ್ಲೆಲ್ಲ ಬಿಡಿಸಿ ಹೇಳಲು ಪ್ರಯತ್ನಿಸುತ್ತೇನೆ. ಹಿಂದಿನ ಕಾಲದವರಿಗೆ ಬರೆಯುವ ಇಂಥ ಕಾಗದವನ್ನು ನಾವು ಹಿಂದೋಲೆ ಎನ್ನುತ್ತೇವೆ. ಅದು ತಲುಪುತ್ತದೆಂದು ಈವರೆಗೆ ಯಾರೂ ತೋರಿಸಿಕೊಟ್ಟಿಲ್ಲ, ತಲುಪುವುದಿಲ್ಲವೆಂದೂ ತೋರಿಸಿಕೊಟ್ಟಿಲ್ಲ. ವರ್ಷಕ್ಕೊಂದು ಬರೆಯಲು ಎಲ್ಲರಿಗೂ ಅವಕಾಶವಿದೆ. ಹೆಚ್ಚಿನವರು ಅದನ್ನು ಮುತ್ತಜ್ಜನ ಕಾಲದವರನ್ನು ಬೈಯಲು ಬಳಸುತ್ತಾರೆ, ಬೈಯಲು ಕಾರಣಗಳೂ ಕಡಿಮೆಯಿಲ್ಲ. ನಾನು ಮಾತ್ರ ಕೈಮುಗಿಯಲು ಬರೆಯುತ್ತಿದ್ದೇನೆ.

ನಾನು ನಿಂಬೆವ್ವ ಕಣಜದ. ಈ ಹಿರಿಕಣಜದ ಮೇಲ್ವಿಚಾರಕಿ. ನಿಮ್ಮ ಕಾಲದ ಶೀತಗೃಹವನ್ನೇ ನಡುವಿಟ್ಟುಕೊಂಡು ಸುತ್ತಲೂ ಬೆಳೆದ ಉಗ್ರಾಣ ಇದು. ಆರು ತಾಲೂಕುಗಳ ಕಾಳುಕಡಿ, ಬೀಜ, ಮೆಣಸಿನಕಾಯಿ, ಔಷಧ ಎಲ್ಲವೂ ಇಲ್ಲಿಂದಲೇ ಹೋಗಬೇಕು. ನೀವು ಟ್ಯಾಗು ಎನ್ನುತ್ತಿದ್ದ ಆ ಬೆರಳುದ್ದದ ಚೀಟಿಗೆ ನಮ್ಮಲ್ಲಿ ಓಗೊಡುಗ ಎಂದು ಹೆಸರು, ಕರೆದರೆ ಓ ಎನ್ನುತ್ತದಲ್ಲ, ಅದಕ್ಕೆ. ನಿಮ್ಮ ಗೋದಾಮಿನಲ್ಲಿ ಅದನ್ನು ಓದಲು ಒಂದು ಮಷೀನು ಇತ್ತಂತೆ. ನಮ್ಮಲ್ಲಿ ಪ್ರತಿ ಹೊಸ್ತಿಲೂ ಕೂಗುಬಾಗಿಲು. ಅದು ದಾಟುವ ವಸ್ತುವನ್ನೆಲ್ಲ ಕರೆಯುತ್ತದೆ, ವಸ್ತು ಓಗೊಡುತ್ತದೆ. ದಿನಕ್ಕೆ ಎರಡು ಬಾರಿ ಕೂಗುಹೊತ್ತು ಬರುತ್ತದೆ. ಆಗ ಕಣಜದಲ್ಲಿರುವ ಎಪ್ಪತ್ತು ಲಕ್ಷ ಮೂಟೆ, ಪೆಟ್ಟಿಗೆ, ಬುಟ್ಟಿಗಳು ಕಣ್ಣು ಮಿಟುಕಿಸುವಷ್ಟರಲ್ಲಿ ತಮ್ಮ ತಮ್ಮ ಊರು, ವಯಸ್ಸು, ತೂಕ ಒಪ್ಪಿಸುತ್ತವೆ. ಮನೆಗಳಲ್ಲೂ ಹಾಗೆಯೇ. ಉಪ್ಪಿನ ಡಬ್ಬಿ ತಾನು ಯಾವ ಕಪಾಟಿನಲ್ಲಿದ್ದೇನೆಂದು ಹೇಳುತ್ತದೆ, ಬೀಗದ ಕೈ ಯಾರ ಜೇಬಿನಲ್ಲಿದ್ದೇನೆಂದು ಚಾಡಿ ಹೇಳುತ್ತದೆ. ಹುಡುಕಿದೆ, ಸಿಗಲಿಲ್ಲ ಎಂದು ಗಂಡಸರು ಕೈಯಾಡಿಸುವ ಕಾಲ ಮುಗಿದು ಹೋಯಿತು. ಬ್ಯಾಡಗಿಯ ಮೆಣಸಿನಕಾಯಿಯ ಚೀಲವನ್ನು ಅಡುಗೆಮನೆಗೆ ತಂದರೆ, ಯಾವ ಹೊಲದ್ದು, ಎಷ್ಟು ಬಿಸಿಲು ಕುಡಿದಿದ್ದು, ದಾರಿಯಲ್ಲಿ ಎಲ್ಲಿ ನೆನೆದದ್ದು ಎಲ್ಲವನ್ನೂ ಅದೇ ಹೇಳಿಬಿಡುತ್ತದೆ.

ಇಷ್ಟು ಮಾತಾಡುವ ಲೋಕದಲ್ಲಿ ಹುಟ್ಟಿ ಬೆಳೆದವರಿಗೆ ಒಂದು ಕುರುಡು ಅಂಟಿಕೊಳ್ಳುತ್ತದೆ. ನಮ್ಮಲ್ಲಿ ಒಂದು ಮೂಟೆಯನ್ನೋ ಡ್ರಮ್ಮನ್ನೋ ಖಾಲಿ ಮಾಡಿದಾಗ ಅದರ ಓಗೊಡುಗವನ್ನು ಸುಮ್ಮನಾಗಿಸುವುದು ನಿಯಮ. ಹಾಗಾಗಿ ಕರೆದಾಗ ಉತ್ತರಿಸದಿದ್ದರೆ ಅದು ಖಾಲಿ ಎಂದೇ ಲೆಕ್ಕ. ಅದು ಮೂಕಪಟ್ಟಿಗೆ ಸೇರುತ್ತದೆ, ಅಲ್ಲಿಂದ ಕರಗುಮನೆಗೆ ಹೋಗುತ್ತದೆ. ಕರಗುಮನೆಯೆಂದರೆ ಹಳೆಯ ಲೋಹವನ್ನು ಕಾಯಿಸಿ ಮತ್ತೆ ತಗಡು ಮಾಡುವ ಜಾಗ. ಮುಚ್ಚಳ ತೆರೆದು ನೋಡುವುದು, ಕೈಯಿಂದ ತಟ್ಟಿ ನೋಡುವುದು, ಅಲ್ಲಾಡಿಸಿ ಕೇಳುವುದು ಇದ್ಯಾವುದೂ ನಮಗೆ ಹೊಳೆಯುವುದಿಲ್ಲ. ಡ್ರಮ್ಮು ಹೊರುವ ಬಂಡಿಗಳಿಗೆ ಚಾಲಕರಿಲ್ಲ, ಪಟ್ಟಿ ಹೇಳಿದ್ದನ್ನು ಅವು ಮಾಡುತ್ತವೆ.

ಈಗ ಜೋಳದ ಮಾತು. ಮೂವತ್ತು ವರ್ಷಗಳ ಹಿಂದೆ ನಮ್ಮ ಜೋಳಕ್ಕೆ ಒಂದು ಹೊಸ ಕಾಡಿಗೆ ರೋಗ ಬಂತು. ತೆನೆ ಬರುತ್ತಿತ್ತು, ಹಿಂಡಿದರೆ ಕರಿ ಪುಡಿ. ನೆಲದ ತುಂಬ ಇದ್ದದ್ದು ಒಂದೇ ತಳಿಯಾದ್ದರಿಂದ ಮೂರೇ ಸುಗ್ಗಿಯಲ್ಲಿ ಎಲ್ಲವೂ ಹೋಯಿತು. ನನಗಾಗ ಹನ್ನೊಂದು ವರ್ಷ, ನಾನು ರೊಟ್ಟಿ ತಿಂದವಳು. ನನ್ನ ಮಗಳು ತಿಂದವಳಲ್ಲ. ಮರಗೆಣಸಿನ ಹಿಟ್ಟಿನ ಬಿಲ್ಲೆಗಳನ್ನು ಯಂತ್ರ ಒತ್ತಿ ಕೊಡುತ್ತದೆ. ನಾವು ಅದನ್ನೇ ರೊಟ್ಟಿಯೆಂದು ಕರೆದು ಸಮಾಧಾನ ಮಾಡಿಕೊಂಡಿದ್ದೇವೆ. ಹಿಟ್ಟು ನಾದಿ ಅಂಗೈಯಲ್ಲಿ ಬಡಿಯುವ ಸದ್ದು ನಮ್ಮ ಓಣಿಗಳಿಂದ ಹೋಗಿಬಿಟ್ಟಿತು. ನಾನು ಮೇಲ್ವಿಚಾರಕಿಯಾದ ಮೇಲೆ, ರೋಗ ತಡೆಯುವ ಹಳೆಯ ನಾಟಿ ಜೋಳ ಎಲ್ಲಾದರೂ ಉಳಿದಿದೆಯೇ ಎಂದು ದೇಶದ ಕಣಜಗಳಲ್ಲೆಲ್ಲ ಕೂಗಿಸಿದರು. ನಮ್ಮ ಐದನೆಯ ಕೋಣೆಯಲ್ಲಿ ಒಂದು ಕಾಲಕ್ಕೆ ಡ್ರಮ್ಮಿಗೊಂದರಂತೆ ನಲವತ್ತಮೂರು ಬಗೆಯ ಜೋಳ ಇತ್ತೆಂದು ಹಳೆಯ ಯಾದಿಯೊಂದು ಹೇಳುತ್ತಿತ್ತು. ಐದನೆಯ ಕೋಣೆ ಓಗೊಡಲಿಲ್ಲ. ಖಾಲಿ ಎಂದು ಬರೆದು ಸಹಿ ಮಾಡಿದವಳು ನಾನೇ.

ಕಳೆದ ಶ್ರಾವಣದಲ್ಲಿ ಕರಗುಮನೆಗೆ ಉಕ್ಕು ಸಾಲದಾಯಿತು. ಮೂಕಪಟ್ಟಿಯಲ್ಲಿದ್ದ ಐದನೆಯ ಕೋಣೆಯ ಡ್ರಮ್ಮುಗಳನ್ನು ಸಂಜೆಯ ಕೂಗುಹೊತ್ತಿನೊಳಗೆ ಕಳಿಸಲು ನಾನು ಅಪ್ಪಣೆ ಕೊಟ್ಟೆ. ನಾಲ್ಕು ಮತ್ತು ಆರನೆಯ ಕೋಣೆಗಳ ನಡುವೆ ಸಿಕ್ಕಿಕೊಂಡದ್ದರಿಂದ ಅದು ಮುನ್ನೂರು ಚಿಲ್ಲರೆ ವರ್ಷವೂ ಎರಡೂ ಕಡೆಯ ಚಳಿಯಲ್ಲೇ ಹೆಪ್ಪುಗಟ್ಟಿತ್ತು. ಬಂಡಿಗಳು ಬೆಳಿಗ್ಗೆ ಸಾಗಿಸತೊಡಗಿದವು. ಬೆಂಕಿಯ ಬಳಿ ಇದ್ದವರು ಮೈಲಾರಪ್ಪಜ್ಜ; ಅರವತ್ತೆಂಟು ವರ್ಷದವರು, ಮೂಗು ಮಾತ್ರ ಇನ್ನೂ ಹದಿನೆಂಟರದ್ದು. ನಾಲ್ಕನೆಯ ಡ್ರಮ್ಮು ಒಳಗೆ ಹೋದಾಗ ಅವರು ನನ್ನ ಹತ್ತಿರ ಬಂದು, “ಯವ್ವಾ, ಅಳ್ಳು ಹುರದಂಗ ವಾಸನಿ ಬರಾಕತ್ತೈತಿ. ಪಂಚಮಿಗೆ ನಮ್ಮವ್ವ ಹುರೀತಿದ್ಲಲ್ಲ, ಹಂಗ. ಒಂದೀಟು ತಡದು ನೋಡೂಣು” ಎಂದರು. ನಾನು ಕೂಗುಬಾಗಿಲಿನತ್ತ ಕೈತೋರಿಸಿ, “ಬಾಗಲಾ ಸುಮ್ನೈತಿ ಅಂದ್ರ ಖಾಲಿ ಐತಿ ಅಂತನ ಅರ್ಥರೀ ಅಜ್ಜಾರ. ಮುಂದಿಂದು ಹಾಕ್ರಿ” ಎಂದೆ. ಅವರು ಮುಂದಿನದನ್ನು ಹಾಕಲು ಹೋದರು. ಜೋಳ ಹುರಿದು ಅರಳುವ ಆ ವಾಸನೆ ನನಗೂ ಬಂದಿತ್ತು ಅಕ್ಕಾ. ಬಾಯಲ್ಲಿ ನೀರೂ ಬಂದಿತ್ತು. ಆದರೂ ನಾನು ಬಾಗಿಲನ್ನೇ ನಂಬಿದೆ.

ಒಂಬತ್ತು ಡ್ರಮ್ಮುಗಳು ಹೋದವು. ಹತ್ತನೆಯದು ಕೂಗುಬಾಗಿಲು ದಾಟುವಾಗ ಓ ಎಂದಿತು.

ಅದನ್ನು ಹೇಗೆ ವರ್ಣಿಸಲಿ? ಬಾಗಿಲಿನ ಹಲಗೆಯ ಮೇಲೆ ಇಪ್ಪತ್ನಾಲ್ಕು ಅಕ್ಷರಗಳ ಒಂದು ಅಂಕಿ ಮೂಡಿತು, ಅಷ್ಟೇ. ಹಳೆಯ ಯಾದಿಯಲ್ಲಿ ಆ ಅಂಕಿಯ ಮುಂದೆ ಬಿಳಿಜೋಳ, ಇಪ್ಪತ್ತೈದು ಕಿಲೋ ಎಂದಿತ್ತು. ಆ ಡ್ರಮ್ಮನ್ನು ಬಂಡಿ ತಾನಾಗಿ ಪಕ್ಕಕ್ಕೆ ಇಳಿಸಿತು, ಹನ್ನೊಂದನೆಯದನ್ನು ತರಲು ಹೋಯಿತು. ನಿಲ್ಲಿಸಿರೆಂದು ನಾನು ಅರಚಿದೆ. ಬಂಡಿಗಳು ಮನುಷ್ಯರ ಅರಚಾಟ ಕೇಳುವುದಿಲ್ಲ. ಒಮ್ಮೆ ಕೊಟ್ಟ ಅಪ್ಪಣೆ ಹಿಂತೆಗೆಯಲು ಸಭೆ ಕೂಡಬೇಕು, ಸಭೆಗೆ ಎರಡು ದಿನ ಬೇಕು. ಡ್ರಮ್ಮುಗಳು ಉಳಿಯಬೇಕಾದರೆ ಸಂಜೆಯೊಳಗೆ ಅವೇ ಓಗೊಡಬೇಕಾಗಿತ್ತು.

ಹತ್ತನೆಯದು ಮಾತ್ರ ಯಾಕೆ ಮಾತಾಡಿತು? ಬಗ್ಗಿ ನೋಡಿದೆ. ಅದರ ಚೀಟಿ ಉಕ್ಕಿಗೆ ನೇರವಾಗಿ ಅಂಟಿರಲಿಲ್ಲ. ನಡುವೆ ನೀಲಿ ಬಿಳಿ ಪದರದ, ಮೆತ್ತಗಿನ ಏನೋ ಒಂದು ತುಂಡು ಇತ್ತು. ಉಕ್ಕಿಗೆ ಮೈತಾಗಿದ ಚೀಟಿಗೆ ಕರೆ ಕೇಳಿಸುವುದಿಲ್ಲ ಎನ್ನುವುದನ್ನು ನಾವು ಮರೆತೇಬಿಟ್ಟಿದ್ದೆವು. ನಮ್ಮ ಓಗೊಡುಗಗಳು ಲೋಹದೊಳಗೇ ನೇಯ್ದು ಬರುತ್ತವೆ, ನಮಗೆ ಆ ಕಷ್ಟವೇ ಗೊತ್ತಿಲ್ಲ. ಹತ್ತನೆಯದು ಕೋಣೆಯಲ್ಲಿದ್ದಾಗ ಅದರ ಚೀಟಿ ಗೋಡೆಯ ಕಡೆಗಿತ್ತು, ಡ್ರಮ್ಮಿನ ಉಕ್ಕೇ ಅಡ್ಡವಿದ್ದುದರಿಂದ ಅಲ್ಲಿ ಕೂಗಿದ್ದು ಅದಕ್ಕೂ ಮುಟ್ಟಿರಲಿಲ್ಲ. ಹನ್ನೊಂದನೆಯ ಡ್ರಮ್ಮಿನ ಚೀಟಿಯನ್ನು ಬಾಯಿಯ ಬಿಸಿಯುಸಿರು ಕೊಟ್ಟು ಮೆಲ್ಲಗೆ ಬಿಡಿಸಿ, ಒಂದು ಬೆರಳಿನಷ್ಟು ದೂರ ಹಿಡಿದೆ. ಅದು ಓಗೊಟ್ಟಿತು.

ಅಕ್ಕಾ, ಆ ಚೀಟಿಯಲ್ಲಿ ಸೆಲ್ ಇಲ್ಲ, ತನ್ನದೆನ್ನುವ ಕಸುವು ಒಂದಿಷ್ಟೂ ಇಲ್ಲ. ಕರೆಯುವವರ ಕರೆಯಲ್ಲಿರುವ ಕಸುವನ್ನೇ ಅದು ಕುಡಿದು, ಅದರಿಂದಲೇ ಉತ್ತರಿಸುತ್ತದೆ. ಇದು ನನಗೆ ಪಾಠದಲ್ಲಿ ಗೊತ್ತಿತ್ತು, ದಿನಾ ನೋಡುವ ಸಂಗತಿ. ಆದರೂ ಅಂದು ಕೈಯಲ್ಲಿ ಹಿಡಿದಾಗ ಅದೇ ಹೊಸದೆನಿಸಿತು. ಮುನ್ನೂರು ಚಿಲ್ಲರೆ ವರ್ಷ ಆ ಕತ್ತಲಲ್ಲಿ, ಆ ಚಳಿಯಲ್ಲಿ, ಸಾಸಿವೆಗಿಂತ ಸಣ್ಣ ಚಿಪ್ ಒಂದು ತನ್ನ ಅಂಕಿ ಮರೆಯದೆ ಇದ್ದಿತ್ತು. ದಿನಕ್ಕೆರಡು ಬಾರಿ ನಾವು ಕೂಗಿದ್ದೆವು. ಅದು ಅಲ್ಲಿಯೇ ಇತ್ತು. ಒಂದು ಬೆರಳಿನಷ್ಟು ಜಾಗ ಸಿಕ್ಕಿದ್ದರೆ ಅಂದೇ ಹೇಳುತ್ತಿತ್ತು. ನಾನು ಚಪ್ಪಡಿಯ ಮೇಲೆ ಕೂತು ಅತ್ತೆ. ನಲವತ್ತೊಂದು ವರ್ಷದ ಮೇಲ್ವಿಚಾರಕಿ ಒಂದು ಚೀಟಿ ಹಿಡಿದು ಅಳುವುದನ್ನು ಮೈಲಾರಪ್ಪಜ್ಜ ನೋಡಿದರು.

ಮೂವತ್ತಮೂರು ಡ್ರಮ್ಮುಗಳಿಗೆ ಮೆತ್ತೆ ಬೇಕಿತ್ತು, ಹೊತ್ತು ಇರಲಿಲ್ಲ. ಕಣಜಕ್ಕೆ ಬರಿಗಾಲಲ್ಲೇ ಹೋಗುವುದು ನಮ್ಮಲ್ಲೂ ಪದ್ಧತಿ; ಎಲ್ಲರ ಪಾದರಕ್ಷೆಗಳೂ ಹೊರಗೆ ಗುಡ್ಡೆ ಬಿದ್ದಿದ್ದವು. ಅವುಗಳ ಅಟ್ಟೆಯೂ ಮೆತ್ತಗಿನದೇ. ನಾನು ಹೇಳಿದ ಕೂಡಲೇ ಕೆಲಸದವರು ಹಿಂದೆ ಸರಿದರು. ಅನ್ನದ ವಸ್ತುವಿಗೆ ಚಪ್ಪಲಿಯೇ ಎಂದು ಕೆನ್ನೆ ಕೆನ್ನೆ ಬಡಿದುಕೊಂಡರು. ಆಗ ಮೈಲಾರಪ್ಪಜ್ಜ ಗುಡ್ಡೆಯಿಂದ ತಮ್ಮ ಜೋಡನ್ನು ಹೆಕ್ಕಿ, ಕುಡುಗೋಲಿನಿಂದ ಕೊಯ್ದು, ತುಂಡನ್ನು ಕಣ್ಣಿಗೊತ್ತಿಕೊಂಡು ನನ್ನ ಕೈಗಿಟ್ಟರು. ಆಮೇಲೆ ಉಳಿದವರೂ ತಮ್ಮ ತಮ್ಮ ಜೋಡು ಕೊಯ್ದರು. ನಾವು ಬಂಡಿಗಳ ಜೊತೆ ಓಡುತ್ತ, ಹೋಗುವ ಡ್ರಮ್ಮುಗಳಿಗೆ ಹಚ್ಚುತ್ತ ಹೋದೆವು. ಒಂದಾದ ಮೇಲೊಂದು ಓಗೊಟ್ಟವು. ಸಂಜೆಯ ಕೂಗುಹೊತ್ತಿಗೆ ಐದನೆಯ ಕೋಣೆಯಿಂದ ಮೂವತ್ತನಾಲ್ಕು ದನಿಗಳು ಬಂದವು. ಬರಿಗಾಲಲ್ಲಿ ಮನೆಗೆ ನಡೆದೆವು, ಅಂಗಾಲಿಗೆ ಕಲ್ಲು ಚುಚ್ಚುತ್ತಿದ್ದರೂ ಎಲ್ಲರೂ ನಗುತ್ತಿದ್ದೆವು.

ನಿಮ್ಮ ವಿಷಯ ತಿಳಿದದ್ದು ಎರಡು ದಿನಗಳ ಮೇಲೆ. ಕೋಣೆಯ ಗೋಡೆಗೆ ದಾರದಿಂದ ತೂಗುಹಾಕಿದ್ದ ಒಂದು ಕಾಗದದ ಪುಸ್ತಕ ಸಿಕ್ಕಿತು. ಕೊನೆಯ ಪುಟದಲ್ಲಿ ಹೀಗಿತ್ತು: ಗುತ್ತಿಗೆಯ ಹೆಣ್ಣಾಳೊಬ್ಬಳು ಬೀಜದ ಡ್ರಮ್ಮುಗಳ ಟ್ಯಾಗಿನ ಅಡಿಗೆ ಹವಾಯಿ ಚಪ್ಪಲಿ ಕತ್ತರಿಸಿ ಹಚ್ಚಿದ್ದಾಳೆ. ವಿಚಾರಿಸಿದಾಗ, “ತಗಡಿಗೆ ಹಚ್ಚಿದ್ರ ಮಷೀನ್ ಓದಂಗಿಲ್ರೀ ಸರ, ನಡಕ ಇದನ್ನಿಟ್ರ ಓದತೈತ್ರೀ” ಎಂದು ಎದುರುತ್ತರ ಕೊಟ್ಟಿದ್ದಾಳೆ. ಆಹಾರದ ವಸ್ತುವಿಗೆ ಚಪ್ಪಲಿ ತಾಗಿಸಿದ್ದು ತಪ್ಪು. ಎಲ್ಲವನ್ನೂ ತೆಗೆಸಿ ಟ್ಯಾಗು ನೇರವಾಗಿ ಅಂಟಿಸಲಾಗಿದೆ. ನಾಳೆಯಿಂದ ಇವಳನ್ನು ಕೆಲಸಕ್ಕೆ ಕರೆಯಬಾರದು. ಕೆಳಗೆ ಮೇಲ್ವಿಚಾರಕರ ಸಹಿ ಇತ್ತು. ಹತ್ತನೆಯದು ಗೋಡೆಯ ಕಡೆ ತಿರುಗಿದ್ದರಿಂದ ಅವರ ಕಣ್ಣು ತಪ್ಪಿತೋ, ಅದನ್ನು ನೀವೇ ಹಾಗೆ ತಿರುಗಿಸಿಟ್ಟು ಹೋದಿರೋ, ನನಗೆ ಗೊತ್ತಿಲ್ಲ. ನೀವೇ ತಿರುಗಿಸಿಟ್ಟಿರಿ ಎಂದು ನಾನು ನಂಬಿದ್ದೇನೆ. ಆ ಮೇಲ್ವಿಚಾರಕರ ಮೇಲೆ ನನಗೆ ಸಿಟ್ಟು ಬಂತು. ಬಾಗಿಲನ್ನು ನಂಬಿ ಅಜ್ಜನ ಮಾತು ತಳ್ಳಿಹಾಕಿದ ನನಗೆ ಆ ಸಿಟ್ಟಿಗೆ ಹಕ್ಕಿಲ್ಲ ಎಂದೂ ಅನಿಸಿತು. ನಾನು ಸುಟ್ಟ ಒಂಬತ್ತು ಬಗೆಯ ಜೋಳ ಇನ್ನು ಈ ಭೂಮಿಯ ಮೇಲೆ ಇಲ್ಲ.

ಹಿಂಗಾರಿಗೆ ಮೂವತ್ತನಾಲ್ಕರಿಂದಲೂ ಹಿಡಿಹಿಡಿ ಬಿತ್ತಿದೆವು. ಮಾತಾಡಿದ ಹತ್ತನೆಯದು, ಪಾಪ, ರೋಗ ತಡೆಯಲಿಲ್ಲ. ನಾಲ್ಕು ತಡೆದವು. ಇಪ್ಪತ್ತೇಳನೆಯ ಡ್ರಮ್ಮಿನದು ಆಳೆತ್ತರ ಬೆಳೆದು, ಮುತ್ತಿನಂಥ ತೆನೆ ಬಿಟ್ಟಿತು. ಈ ತಿಂಗಳು ಕಣಜದ ಅಂಗಳದಲ್ಲಿ ರೊಟ್ಟಿ ಬಡಿದರು. ಬಡಿಯುವುದು ಗೊತ್ತಿದ್ದ ಮುದುಕಿಯರು ಮೂವರೇ ಸಿಕ್ಕಿದ್ದು. ಆ ಸದ್ದು ಕೇಳಿ ಸಣ್ಣವರೆಲ್ಲ ಚಪ್ಪಾಳೆಯೆಂದುಕೊಂಡು ತಾವೂ ತಟ್ಟಿದರು.

ನಮ್ಮಲ್ಲಿ ತಳಿಗೆ ಅದನ್ನು ಉಳಿಸಿದವರ ಹೆಸರಿಡುತ್ತಾರೆ, ಮೊದಲ ರೊಟ್ಟಿಯನ್ನು ಆ ಹೆಸರು ಹೇಳಿ ಎತ್ತಿಡುತ್ತಾರೆ. ಪುಸ್ತಕದಲ್ಲಿ ಇರುವುದು ಒಂದೇ ಹೆಸರು, ಸಹಿ ಮಾಡಿದವರದ್ದು. ಅದನ್ನೇ ಇಡೋಣವೆಂದು ಸಭೆ ಹೊರಟಿತ್ತು. ನಾನು ಅಡ್ಡ ನಿಂತೆ. ಹಾಗಾದರೆ ಯಾರ ಹೆಸರು ಎಂದು ಕೇಳಿದರು. ಪುಸ್ತಕದಲ್ಲಿಲ್ಲದ ಆ ಹೆಣ್ಣಾಳಿನ ಹೆಸರು ಹುಡುಕಿ ತರುತ್ತೇನೆ ಎಂದೆ. ಯುಗಾದಿಯವರೆಗೆ ಸಮಯ ಕೊಟ್ಟಿದ್ದಾರೆ.

ಅದಕ್ಕೇ ಈ ಕಾಗದ. ಇದು ಹೇಗಾದರೂ ನಿಮ್ಮ ಕೈ ಸೇರಿದರೆ, ಕೆಲಸ ಬಿಟ್ಟು ಹೊರಡುವ ಮುಂಚೆ ಒಂದು ಉಪಕಾರ ಮಾಡಿ. ಐದನೆಯ ಕೋಣೆಯ ಬಾಗಿಲಿನ ಒಳಮೈಯಲ್ಲಿ, ಕೆಳಗಿನ ಕೀಲಿನ ಪಕ್ಕ, ಅಂಗೈಯಗಲ ಬರಿಯ ಜಾಗವಿದೆ. ಯಾರೂ ಬಗ್ಗಿ ನೋಡುವುದಿಲ್ಲ. ಒಂದು ಮೊಳೆಯಿಂದ ನಿಮ್ಮ ಹೆಸರು ಗೀಚಿ ಹೋಗಿ. ಇಂದು ಮುಂಜಾನೆ ನೋಡಿದಾಗ ಅಲ್ಲಿ ಏನೂ ಇರಲಿಲ್ಲ. ನಾಳೆ ಮತ್ತೆ ಹೋಗಿ ನೋಡುತ್ತೇನೆ.

ನಿಮ್ಮ ತಂಗಿ,
ನಿಂಬೆವ್ವ