ಓದುವ ಉದ್ದೇಶವೇನೆಂದು ಕೇಳಿದವರಿಗೆ

ಸಾರ್ವಜನಿಕ ಗ್ರಂಥಾಲಯಗಳ ನಿರ್ದೇಶಕರೇ,

ನನಗಿದ್ದ ಒಬ್ಬಳೇ ಒಬ್ಬ ಗೆಳತಿಯನ್ನು ತಾವು ಕಳೆದುಹಾಕಿದ್ದೀರಿ. ಅವಳ ಹೆಸರು ನನಗೆ ಗೊತ್ತಿಲ್ಲ, ಮುಖವನ್ನೂ ನೋಡಿಲ್ಲ. ಆದರೂ ದೂರು ದೂರೇ.

ಪತ್ತೇದಾರಿ ಕಾದಂಬರಿಗಳೂ “ಸ್ತ್ರೀಯರ ಸಂಸಾರ ಸಂಬಂಧಿ ಕಥೆಗಳೂ” ಜ್ಞಾನವೃದ್ಧಿಗೆ ಸಹಕಾರಿಯಲ್ಲವೆಂದು ಕಳೆದ ವರ್ಷ ತಾವು ಆದೇಶ ಹೊರಡಿಸಿದಿರಿ. ಅವೆಲ್ಲ ನೆಲಮಾಳಿಗೆ ಸೇರಿದವು. ಬೇಕಾದವರು “ಓದುವ ಉದ್ದೇಶ” ಬರೆದು ಅರ್ಜಿ ಹಾಕಬೇಕಂತೆ. ಕೊಲೆಯ ಕಥೆ ಓದುವವರನ್ನು ಕೊಲೆಗಾರರಂತೆ ವಿಚಾರಿಸುವ ಈ ಏರ್ಪಾಡು ಯಾವ ಮಹನೀಯರಿಗೆ ಹೊಳೆಯಿತೋ! ಹೆಂಗಸರ ಬದುಕನ್ನು ತಿಳಿಯುವುದು ಜ್ಞಾನವಲ್ಲವಾದರೆ ಮತ್ತೇನು ಸ್ವಾಮಿ, ಹವಾಮಾನ ವರದಿಯೇ?

ನಾನು ಕಟ್ಟುಹಲ್ಲು ಮಾಡುವವಳು. ವಯಸ್ಸು ಐವತ್ತೆರಡು. ದಂತವೈದ್ಯರ ಚಿಕಿತ್ಸಾಲಯದ ಹಿಂಬದಿಯ ಕೋಣೆಯಲ್ಲಿ, ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ, ಪ್ಲಾಸ್ಟರ್ ಅಚ್ಚು, ಮೇಣ, ಸಾಣೆಚಕ್ರಗಳ ಜೊತೆ ಕೂರುತ್ತೇನೆ. ಸುತ್ತ ಮೂವತ್ತು ಬಾಯಿಗಳಿದ್ದರೂ ಒಂದೂ ಮಾತಾಡುವುದಿಲ್ಲ. ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲೂ ಅದೇ ಕಥೆ. ಕೆಲವು ಭಾನುವಾರ, ದನಿ ಇನ್ನೂ ಇದೆಯೋ ಇಲ್ಲವೋ ಎಂದು ಸುಮ್ಮನೆ ಕೆಮ್ಮಿ ನೋಡಿಕೊಂಡದ್ದುಂಟು.

ಐದು ವರ್ಷದ ಹಿಂದೆ, ಗ್ರಂಥಾಲಯದಿಂದ ತಂದ ಕಾದಂಬರಿಯೊಂದರಲ್ಲಿ ಚೀಟಿ ಸಿಕ್ಕಿತು. ಪೆನ್ಸಿಲ್ಲಿನ ಓರೆ ಅಕ್ಷರ: “ಕೊಂದವರು ಯಾರು ಅಂತ ಅರ್ಧದಲ್ಲೇ ಗೊತ್ತಾಗುತ್ತೆ. ಆದ್ರೂ ಬಿಡಬೇಡಿ. ಆ ಅತ್ತಿಗೆ ಇದ್ದಾಳಲ್ಲ, ಅವಳಿಗೋಸ್ಕರ ಓದಿ.” ಓದಿದೆ. ಅತ್ತಿಗೆಗಾಗಿ ಅತ್ತೂಬಿಟ್ಟೆ. ಕೆಳಗೆ ಬರೆದಿಟ್ಟೆ: “ನನಗೆ ಕೊನೇವರೆಗೂ ಗೊತ್ತಾಗಲಿಲ್ಲ ಕಣ್ರೀ, ನಾನು ದಡ್ಡಿ. ಮುಂದೆ ಯಾವುದು ಓದಲಿ?” ಎರಡು ವಾರಕ್ಕೆ ಅದೇ ಪುಸ್ತಕದಲ್ಲಿ ಉತ್ತರ ಕಾದಿತ್ತು.

ಹೀಗೇ ನಾಲ್ಕು ವರ್ಷ ನಡೆಯಿತು. ಮೂರು ಹೆತ್ತ ಮೇಲೆ ಈಜು ಕಲಿಯುವವಳ ಕಥೆಯನ್ನು ಅವಳೇ ಹೇಳಿದ್ದು. ನಿವೃತ್ತಿಯ ದಿನ ಮನೆಗೆ ಹೋಗದೆ ರೈಲು ಹತ್ತುವ ಟೆಲಿಫೋನ್ ಆಪರೇಟರ್ ಒಬ್ಬಳ ಕಥೆ ನನ್ನ ಶಿಫಾರಸು. ಎಲ್ಲ ಈಚಿನ ಪುಸ್ತಕಗಳು, ನಮ್ಮ ಕಾಲದ ಹೆಂಗಸರು. ಕಾಣೆಯಾದ ನರ್ಸೊಬ್ಬಳನ್ನು ನಾದಿನಿ ಹುಡುಕಿಕೊಂಡು ಹೋಗುವ ಕಾದಂಬರಿಯಲ್ಲಿ ಅವಳು ಬರೆದಿದ್ದಳು: “ಸಿಕ್ಕಿದಳೋ ಬಿಟ್ಟಳೋ, ಹುಡುಕೋರು ಒಬ್ರು ಇದ್ರಲ್ಲ, ನನಗೆ ಅಷ್ಟೇ ಸಾಕಾಯ್ತು.”

ಭೇಟಿಯಾಗೋಣವೇ ಎಂದು ಅವಳೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಮುಖ ನೋಡಿದರೆ ಮಾತು ನಿಂತೀತೆಂಬ ಹೆದರಿಕೆ. ಆ ಹಾಳು ಸಂಕೋಚಕ್ಕೆ ಈಗ ನನ್ನನ್ನೇ ಬೈದುಕೊಳ್ಳುತ್ತಿದ್ದೇನೆ.

ಅಷ್ಟರಲ್ಲಿ ತಮ್ಮ ಆದೇಶ ಬಂತು. ನಾನು ಅರ್ಜಿ ಹಾಕಿದ ಪುಸ್ತಕದಲ್ಲಿ ಹೆಣದ ಗುರುತು ಹಲ್ಲಿನಿಂದ ಸಿಗುತ್ತದೆ. ಹಾಗಾಗಿ ಉದ್ದೇಶ: “ದಂತಶಾಸ್ತ್ರೀಯ ಅಧ್ಯಯನ.” ಮೂರೇ ದಿನಕ್ಕೆ ಮಂಜೂರು! ಆದರೆ ಒಳಗೆ ಚೀಟಿಯಿರಲಿಲ್ಲ. ಆಮೇಲೆ ತಂದ ಆರು ಪುಸ್ತಕಗಳಲ್ಲೂ ಇರಲಿಲ್ಲ.

ಕೌಂಟರಿನಲ್ಲಿ ಮುದ್ರೆ ಒತ್ತುವ ಗುಮಾಸ್ತೆಯನ್ನು ನಾವೆಲ್ಲ ಮುದ್ರೆಯಮ್ಮ ಎನ್ನುತ್ತೇವೆ. ನಮ್ಮ ಚೀಟಿಗಳ ವಿಷಯ ಗೊತ್ತಿದ್ದೂ ಗೊತ್ತಿಲ್ಲದಂತೆ ಇದ್ದವರು. ಅವರನ್ನೇ ಕೇಳಿದೆ.

“ಆ ಪೆನ್ಸಿಲ್ಲಿನವರು ಬರ್ತಿಲ್ವಾ?”

“ಬಂದಿದ್ರು. ಅರ್ಜೀನೂ ಹಾಕಿದ್ರು. ವಾಪಸ್ ಬಂತು.”

“ಯಾಕೆ?”

ಅವರು ಅತ್ತಿತ್ತ ನೋಡಿ ಕಡತವನ್ನು ನನ್ನ ಕಡೆ ತಿರುಗಿಸಿದರು. ಹೆಸರು, ವಿಳಾಸದ ಮೇಲೆ ಅಂಗೈ ಇಟ್ಟರು. “ಇದಿಷ್ಟೇ ಓದ್ಕೊಳ್ಳಿ. ಉಳಿದದ್ದು ತೋರಿಸಿದ್ರೆ ನನ್ನ ಕೆಲಸ ಹೋಗುತ್ತೆ.”

ಅದೇ ಓರೆ ಅಕ್ಷರ. ಓದುವ ಉದ್ದೇಶ: “ಮನೇಲಿ ಮಾತಾಡೋರು ಯಾರೂ ಇಲ್ಲ. ಪುಸ್ತಕದಲ್ಲಿ ಒಬ್ರು ಇದ್ದಾರೆ.” ಅದರ ಕೆಳಗೆ ಕೆಂಪು ಶಾಯಿ: “ಕಾರಣ ಸಮರ್ಪಕವಾಗಿಲ್ಲ. ತಿರಸ್ಕರಿಸಲಾಗಿದೆ.”

“ಅವರೇನಂದ್ರು?”

“ಕಾರ್ಡನ್ನ ಮೇಜಿನ ಮೇಲಿಟ್ಟು ಹೋದ್ರು.”

ಮಾನ್ಯರೇ, ಇದಕ್ಕಿಂತ ಸಮರ್ಪಕವಾದ ಕಾರಣ ತಮ್ಮ ಇಡೀ ಇಲಾಖೆಯಲ್ಲಿ ಯಾರ ಬಳಿಯಾದರೂ ಇದೆಯೇ? ನಾನು ಸುಳ್ಳು ಬರೆದೆ, ಮುದ್ರೆ ಬಿತ್ತು. ಅವಳು ನಿಜ ಬರೆದಳು, ಬಾಗಿಲು ಮುಚ್ಚಿತು. ನಾಲ್ಕು ಶನಿವಾರ ಗ್ರಂಥಾಲಯದ ಮೆಟ್ಟಿಲ ಬಳಿ ನಿಂತು ಬಂದುಹೋಗುವ ಹೆಂಗಸರನ್ನೆಲ್ಲ ನೋಡಿದೆ. ಕೈಬರಹ ಮುಖದಲ್ಲಿ ಕಾಣುವುದಿಲ್ಲ ಎಂಬುದು ಆಗ ತಿಳಿಯಿತು. ಒಬ್ಬರನ್ನು ತಡೆದು ಕೇಳಿಯೂಬಿಟ್ಟೆ. ಅವರು ಗಾಬರಿಯಿಂದ ಚೀಲ ಬಿಗಿಹಿಡಿದು ನಡೆದರು.

ಆ ಪುಸ್ತಕಗಳನ್ನು ಮೇಲಕ್ಕೆ ತರಿಸಿ. ಅರ್ಜಿಯಿಂದ ಆ “ಉದ್ದೇಶ”ದ ಅಂಕಣವನ್ನು ತೆಗೆಸಿ. ಇವೆರಡಕ್ಕೂ ಸಭೆ, ಸಮಿತಿ ಬೇಕೆನ್ನುತ್ತೀರಿ, ಗೊತ್ತು. ಮೂರನೆಯದಕ್ಕೆ ಒಂದು ಅಂಚೆ ಕಾಗದ ಸಾಕು. ಅವಳ ವಿಳಾಸ ನನ್ನ ಬಳಿಯಿಲ್ಲ, ತಮ್ಮ ಕಡತದಲ್ಲಿದೆ. ಅವಳ ಅರ್ಜಿ ಮಂಜೂರಾಗಿದೆಯೆಂದು ತಾವೇ ಸಹಿ ಹಾಕಿ ಬರೆಯಿರಿ. ಗಂಡ ಸತ್ತನೆಂದು ಎಲ್ಲರೂ ಹೇಳಿದರೂ ನಂಬದ ದರ್ಜಿಯವಳೊಬ್ಬಳ ಹೊಸ ಕಾದಂಬರಿ ಬಂದಿದೆಯೆಂದೂ ತಿಳಿಸಿ. ನಾನಿನ್ನೂ ಅದನ್ನು ತೆರೆದಿಲ್ಲ. ಮೊದಲು ಅವಳು ಓದಲಿ.

ಇಂತಿ,
ಸುಳ್ಳು ಉದ್ದೇಶ ಬರೆದು ಪುಸ್ತಕ ಪಡೆದವಳು